ಹನ್ನೊಂದು ದಿನದ ಊಟ

ರಾತ್ರಿ ಹನ್ನೆರಡಾದರೂ
ಬಳ್ಳಾರಿಯ ಕೋಟೆಗುಡ್ಡ
ಹಗಲ ಕಾವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.
ಕೌಲ್ ಬಜಾರಿನ ಮಾಳಿಗೆ ಕೋಣೆಯ ಕಿಟಕಿಗೆ
ಒದ್ದೆ ಟವೆಲ್ಲು ಕಟ್ಟಿಕೊಂಡು
ಯಾರೋ ಬರೆದ ಇನ್ನೂರ ಹನ್ನೆರಡು ಸಾಲು ಓದುತ್ತಿದ್ದೇನೆ.
ಕರ್ನಲ್ಲಿನ ಕಾವಲು ಭಾಗ:
ಯಾರು ನೀನು, ಯಾವ ಕಡತ ಬೇಕು, ಅಪ್ಪಣೆ ಇದೆಯೇ
ಎಂದು ಬಾಗಿಲು ಬಾಗಿಲಲ್ಲೂ ಕೇಳುವ ಕೋಡು.

ಬರೆದವನ ಕೈ ಚೊಕ್ಕ.
ಮೆಮೊರಿ ಕೇಳುತ್ತಾನೆ, ಸಿಕ್ಕಿತೇ ನೋಡುತ್ತಾನೆ,
ಗುಟ್ಟಿನ ಕೀಲಿಯನ್ನು ಅದರೊಳಗಿಟ್ಟು
ಬೀಗಕ್ಕೆ ಕೈಹಾಕುತ್ತಾನೆ.
ಎಲ್ಲ ಸರಿಹೋದರೆ
ಕೊನೆಯಲ್ಲಿ ಸೊನ್ನೆಯಿಂದ ಒರೆಸಿ ಬಿಡುಗಡೆ.

ಎಲ್ಲ ಸರಿಹೋದರೆ.
ನನಗೆ ಸಂಬಳ ಬರುವುದು
ಸರಿಹೋಗದ ದಾರಿಗಳನ್ನು ಓದಲಿಕ್ಕೆ.

ಕೆಳಗೆ ಅಪ್ಪ ಕೆಮ್ಮುತ್ತಾನೆ.
ಇಪ್ಪತ್ತೊಂಬತ್ತು ವರ್ಷ ಇದೇ ಊರಿನ ಜೈಲಿನಲ್ಲಿ ಗುಮಾಸ್ತ,
ಬಿಡುಗಡೆ ರಿಜಿಸ್ಟರು ಅವನ ಮೇಜಿನದು.
ನಿನ್ನ ಕೆಲಸ ಏನವ್ವ ಎಂದು ಒಮ್ಮೆ ಕೇಳಿದಾಗ
ಒಳಗೆ ಹಾಕಿದ್ದನ್ನು ಹೊರಗೆ ಬಿಟ್ಟರೋ ಇಲ್ಲವೋ
ನೋಡೋದು ಅಂದಿದ್ದೆ, ತಮಾಷೆಗೆ.
ಅಪ್ಪ ನಗಲಿಲ್ಲ.
"ಒಂದನ್ನೇ ಎರಡು ಸಲ ಬಿಟ್ರೆ?"
ಅಪಾಯ, ಅಪ್ಪ. ಅಷ್ಟರಲ್ಲಿ ಆ ಜಾಗಕ್ಕೆ
ಬೇರೆಯವರು ಬಂದಿರುತ್ತಾರೆ.
"ಹ್ಞಾಂ... ಎರ್ರಿಸ್ವಾಮಿಗಳು ಇಬ್ಬರಿದ್ದರು ನಮ್ಮಲ್ಲಿ"
ಎಂದು ಅಷ್ಟಕ್ಕೇ ನಿಲ್ಲಿಸಿ
ಮಂಡಾಳು ಒಗ್ಗರಣೆಯ ತಟ್ಟೆಯಲ್ಲಿ
ಮೆಣಸಿನಕಾಯಿ ಹುಡುಕಿದ್ದ.

ಸಾಲು ನೂರ ನಲವತ್ತೇಳು.
ಬೀಗ ಸಿಗದಿದ್ದರೆ ಹಿಂದಿರುಗು, ಎಂದಿದೆ.
ಹಿಂದಿರುಗುತ್ತದೆ.
ಕೀಲಿಯಿಟ್ಟ ತುಣುಕು ಒಳಗೇ ಕೂತಿರುತ್ತದೆ,
ಅದರ ವಿಳಾಸದ ಚೀಟಿ
ಹಿಂದಿರುಗುವಾಗ ದಾರಿಯಲ್ಲೇ ಬಿದ್ದುಹೋಗುತ್ತದೆ.
ಮತ್ತೆ ಯಂತ್ರ ಆರಿಸಿ ಹೊತ್ತಿಸುವ ತನಕ
ಅದು ಯಾರದೂ ಅಲ್ಲ, ಖಾಲಿಯೂ ಅಲ್ಲ.

ಗಾದಿಲಿಂಗನ ಸಂಗತಿ ಅಪ್ಪ ಹೇಳಿದ್ದು
ನಿವೃತ್ತಿಯಾಗಿ ಎರಡು ಬೇಸಿಗೆ ಕಳೆದ ಮೇಲೆ.
ತೋರಣಗಲ್ಲಿನಲ್ಲಿ ತಾಮ್ರದ ತಂತಿ ಕದ್ದವನು.
ಆದೇಶ ಬಂತು. ಅಪ್ಪ ಹೆಸರಿನ ಮೇಲೆ ಗೀಟು ಎಳೆದ.
ಆಮೇಲೆ ಕಂಡದ್ದು, ತಂದೆಯ ಹೆಸರಿನಲ್ಲಿ ಒಂದಕ್ಷರ ತಪ್ಪು;
ತಿದ್ದಲು ಕೋರ್ಟಿಗೆ ವಾಪಸು.
ವಾಪಸು ಹೋದದ್ದಕ್ಕೆ ರಿಜಿಸ್ಟರಿನಲ್ಲಿ ಕಾಲಮ್ಮೇ ಇರಲಿಲ್ಲ.
ತಿದ್ದಿದ ಹಾಳೆ ಸಂಜೆಗೇ ಬಂದು
ಯಾವುದೋ ಫೈಲಿನ ಅಡಿ ಮಲಗಿತು.
ದಿನಾ ಬೆಳಗಿನ ಎಣಿಕೆಗೆ ಒಂದು ತಲೆ ಹೆಚ್ಚು.
ವಾರ್ಡರು ತನ್ನ ಎಣಿಕೆಯೇ ತಪ್ಪೆಂದು
ಪುಸ್ತಕದಲ್ಲಿದ್ದ ಸಂಖ್ಯೆಯನ್ನೇ ಬರೆದ.
ಹನ್ನೊಂದು ದಿನ.

ಬಿಡುವಾಗ ಗಾದಿಲಿಂಗ ಬೈಯಲಿಲ್ಲವಂತೆ.
ಗೇಟಿನ ಹತ್ತಿರ ನಿಂತು, ನಿಜಕ್ಕೂ ತಿಳಿಯದೆ, ಕೇಳಿದನಂತೆ:
"ಸಾರ್, ಹನ್ನೊಂದು ದಿನ ಉಂಡೀನಿ.
ಆ ಊಟ ಯಾರ ಲೆಕ್ಕದಾಗ ಬರ್ಕೊಂಡ್ರಿ?"

ಕರೆಂಟು ಹೋಗುತ್ತದೆ. ಯುಪಿಎಸ್ ಕುಯ್ಯೆನ್ನುತ್ತದೆ.
"ಇಲ್ಲಿ ನೀವು ಮರೆತಿದ್ದೀರಿ" ಎಂದು ಟೈಪಿಸಿ
ಅಳಿಸುತ್ತೇನೆ. ಮೊದಲು ತಿಳಿಯಬೇಕು,
ಇಷ್ಟು ಚೊಕ್ಕ ಕೈ ಇಲ್ಲಿ ಮಾತ್ರ ಯಾಕೆ ಜಾರಿತು?
ಪಕ್ಕದ ಫಂಕ್ಷನ್ ತೆರೆದು ನೋಡಿದರೆ
ಅದೇ ನಾಲ್ಕು ಸಾಲು, ಅದೇ ಬರಿಗೈ ಹಿಂದಿರುಗುವಿಕೆ.
ಹುಡುಗ ನೋಡಿ ಬರೆದಿದ್ದಾನೆ, ನಂಬಿ.
ಮೂರು ವರ್ಷ ಹಿಂದಿನ ತಾರೀಖು.
ಕೆಳಗೆ, ಪರಿಶೀಲಿಸಿದವರು:
ಹುಲಿಗೆಮ್ಮ ಹೊನ್ನೂರಪ್ಪ.

ಟವೆಲ್ಲು ಆಗಲೇ ಒಣಗಿದೆ.
ಮೂರು ವರ್ಷ, ಎಷ್ಟು ಯಂತ್ರಗಳಲ್ಲಿ, ಎಷ್ಟು ತುಣುಕು,
ಲೆಕ್ಕ ಹಾಕಲು ಹೊರಟು ಬಿಡುತ್ತೇನೆ.

ಬರೆಯುತ್ತೇನೆ:
ಸಾಲು ೧೪೭. ಬೀಗ ಸಿಗದ ದಾರಿಯಲ್ಲೂ
ಒರೆಸಿ ಬಿಡುಗಡೆ ಮಾಡಬೇಕು.
ನೀವು ನೋಡಿ ಬರೆದ ಹಳೆಯ ಸಾಲುಗಳಲ್ಲೂ ಇದೇ ತಪ್ಪಿದೆ.
ಅದನ್ನು ಸರಿ ಎಂದು ಬಿಟ್ಟವಳು ನಾನು.

ಕಳಿಸಿ, ನೀರು ಕುಡಿದು, ಕೂರುತ್ತೇನೆ.
ಇನ್ನೂ ಅರವತ್ತೈದು ಸಾಲಿವೆ.